ಆಡುವ ಮಕ್ಕಳಿಗೆ ಕೋವಿಡ್ ಲಸಿಕೆ ಬೇಕಿತ್ತೇ?

2025ರ ಜುಲೈ ಮೊದಲ ವಾರ ನನ್ನ ಕ್ಲಿನಿಕ್ಕಿಗೆ ಬಂದ ತಂದೆತಾಯಂದಿರಲ್ಲಿ ಹಲವರು ಕಾಯಿಲೆ ತೋರಿಸಲು ಬಂದವರಲ್ಲ. ಹಾಸನದಲ್ಲಿ ಹೃದಯಾಘಾತದಿಂದ ತೀರಿಕೊಂಡವರ ಸುದ್ದಿ ದಿನವೂ ಟಿ.ವಿ.ಯಲ್ಲಿ ಬರುತ್ತಿತ್ತು. ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟದ್ದೂ ಈ ಸಾವುಗಳಿಗೆ ಒಂದು ಕಾರಣ ಇರಬಹುದು ಎಂದು ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಮರುದಿನದಿಂದ ಶುರುವಾಯಿತು. "ಮೇಡಂ, ಇವನು ದಿನಾ ಐದು ಕಿಲೋಮೀಟರ್ ಈಜ್ತಾನೆ. ಸ್ಕೂಲಲ್ಲೇ ಎರಡೂ ಡೋಸ್ ಹಾಕಿಸಿಬಿಟ್ವಿ. ಹಾಕಿಸಬಾರದಿತ್ತಾ?" ಕೇಳುತ್ತಿದ್ದ ತಾಯಿಯ ಕೈ ಮಗನ ಬೆನ್ನ ಮೇಲಿತ್ತು. ಹುಡುಗ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದ, ಆದರೆ ಕಿವಿ ಪೂರ್ತಿ ನಮ್ಮ ಮಾತಿನ ಕಡೆಗಿತ್ತು.

ನಾನು ಬಸವನಗುಡಿಯಲ್ಲಿ ಫ್ಯಾಮಿಲಿ ಡಾಕ್ಟರ್. ಡಿ.ವಿ.ಜಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ಕ್ಲಿನಿಕ್. ಈ ಭಾಗದಲ್ಲಿ ವೈದ್ಯವೃತ್ತಿ ಮಾಡುವವರಿಗೆ ಆಟಗಾರರ ದೇಹದ ಬಗ್ಗೆ ತಿಳಿಯದೆ ನಡೆಯುವುದಿಲ್ಲ. ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿ ನಸುಕಿಗೇ ನೀರಿಗಿಳಿದು, ಒದ್ದೆ ಕೂದಲಲ್ಲೇ ಸ್ಕೂಲಿಗೆ ಓಡುವ ಮಕ್ಕಳು ಇಲ್ಲಿ ಬೀದಿಗಿಬ್ಬರಿದ್ದಾರೆ. ಅಲ್ಲಿ ಕಲಿಸಿದ ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಮಲ್ಲೇಶ್ವರದವರು ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆಯವರ ಹೆಸರನ್ನು ಇಂದಿಗೂ ಮನೆಯವರ ಹೆಸರಿನಂತೆ ಹೇಳುತ್ತಾರೆ. ಚಾಮರಾಜಪೇಟೆಯಿಂದ ಕ್ರಿಕೆಟ್ ಕಿಟ್ ಹೊತ್ತು ಬಸ್ಸಿಗೆ ನಿಲ್ಲುವ ಹುಡುಗರನ್ನು ನೋಡದ ಭಾನುವಾರವಿಲ್ಲ. ಈ ಮಕ್ಕಳಲ್ಲಿ ಕೆಲವರು ರಾಜ್ಯ ತಂಡಕ್ಕೆ ಹೋಗುತ್ತಾರೆ, ಒಬ್ಬಿಬ್ಬರು ದೇಶಕ್ಕೆ ಆಡುತ್ತಾರೆ. ಹದಿನಾರು ವರ್ಷದ ದೇಹವನ್ನು ಅವರು ದುಡಿಸುವಷ್ಟು ನಾವ್ಯಾರೂ ನಮ್ಮ ಆಯುಷ್ಯದಲ್ಲಿ ದುಡಿಸಿಲ್ಲ.

ಆ ತಾಯಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಹಾಕಿಸಿದ್ದು ಸರಿ. ಅವತ್ತು ಯಾರಾದರೂ ಕೇಳಿದ್ದರೂ ಹಾಕಿಸಿ ಎಂದೇ ಹೇಳುತ್ತಿದ್ದೆ, ಹೇಳಿದ್ದೆ ಕೂಡ. ಆದರೆ ಲಸಿಕೆಯ ಬಗ್ಗೆ ಇಷ್ಟು ಕಳವಳಪಡುವ ಮನೆಯವರು, ಜ್ವರ ಬಂದ ದಿನವೂ ಮಗನನ್ನು ಪ್ರಾಕ್ಟೀಸಿಗೆ ಕಳಿಸುತ್ತಾರೆ. ನನ್ನ ನಿದ್ದೆ ಕೆಡಿಸುವುದು ಅದು.

2020ರ ಆಗಸ್ಟನ್ನು ಒಮ್ಮೆ ನೆನಪಿಸಿಕೊಳ್ಳಿ. ಲಸಿಕೆ ಇನ್ನೂ ಬಂದಿರಲಿಲ್ಲ. ನಮ್ಮ ಊರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಶಿಬಿರಕ್ಕೆ ಮರಳಿದ ಹಾಕಿ ಆಟಗಾರರಲ್ಲಿ ನಾಯಕ ಮನ್‌ಪ್ರೀತ್ ಸಿಂಗ್ ಸೇರಿ ಆರು ಮಂದಿಗೆ ಸೋಂಕು ತಗುಲಿತು. ಅವರಲ್ಲಿ ಒಬ್ಬ, 25 ವರ್ಷದ ಮನ್‌ದೀಪ್ ಸಿಂಗ್, ರಕ್ತದಲ್ಲಿ ಆಮ್ಲಜನಕ ಇಳಿದದ್ದರಿಂದ ಆಸ್ಪತ್ರೆ ಸೇರಬೇಕಾಯಿತು. ಮುಂದಿನ ಆಗಸ್ಟಿನಲ್ಲಿ ಟೋಕಿಯೊದಲ್ಲಿ ಕಂಚು ಗೆದ್ದ ತಂಡದಲ್ಲಿ ಅವರಿದ್ದರು, ನಿಜ. ಆದರೆ ದೇಶದಲ್ಲೇ ಅತ್ಯಂತ ಗಟ್ಟಿ ಶ್ವಾಸಕೋಶ ಇರುವವರಲ್ಲೊಬ್ಬನಿಗೆ ಆಮ್ಲಜನಕ ಇಳಿಯುತ್ತದೆ ಎಂದರೆ, "ನಮ್ಮ ಹುಡುಗ ಗಟ್ಟಿಮುಟ್ಟು, ಅವನಿಗೇನೂ ಆಗಲ್ಲ" ಎಂಬ ಮಾತಿಗೆ ಎಷ್ಟು ಬೆಲೆ? 2021ರ ಏಪ್ರಿಲ್‌ನಲ್ಲಿ ಮಹಿಳಾ ತಂಡದ ಸರದಿ. ರಾಣಿ ರಾಂಪಾಲ್, ಸವಿತಾ ಸೇರಿದಂತೆ ಏಳು ಆಟಗಾರ್ತಿಯರು ಮನೆಗೆ ಹೋಗಿ ಬಂದಾಗ ಪಾಸಿಟಿವ್. ಒಲಿಂಪಿಕ್ಸಿಗೆ ಆಗ ಮೂರು ತಿಂಗಳೂ ಇರಲಿಲ್ಲ.

ಈಜುಗಾರರ ಪಾಡು ಬೇರೆಯೇ. ಓಡುವವನು ತಾರಸಿಯ ಮೇಲಾದರೂ ಓಡಿಯಾನು. ಈಜುವವನಿಗೆ ಕೊಳ ಮುಚ್ಚಿದರೆ ಎಲ್ಲವೂ ಮುಚ್ಚಿದಂತೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕೊಳಗಳನ್ನು ತರಬೇತಿಯಲ್ಲಿರುವ ಆಟಗಾರರಿಗೆ ತೆರೆಯಲು ಕೇಂದ್ರ ಒಪ್ಪಿದ್ದು ಅಕ್ಟೋಬರ್ 15ರಿಂದ. ಅಷ್ಟರಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಅಭ್ಯಾಸಕ್ಕೆಂದು ದುಬೈಗೆ ಹೋಗಬೇಕಾಗಿ ಬಂತು. 2021ರ ಜೂನ್‌ನಲ್ಲಿ ರೋಮ್‌ನಲ್ಲಿ ನೂರು ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿ ಅವರು ನೇರ ಅರ್ಹತೆ ಪಡೆದರು. ಬೇಕಾಗಿದ್ದದ್ದು 53.85. ನಡುವಿನ ಅಂತರ ಸೆಕೆಂಡಿನ ನೂರರಲ್ಲಿ ಎಂಟು ಪಾಲು. ಹತ್ತು ದಿನದ ಜ್ವರ, ಅದರ ಹಿಂದೆ ಮೂರು ವಾರದ ಸುಸ್ತು ಇಂಥ ಆಟಗಾರನಿಂದ ಏನನ್ನು ಕಿತ್ತುಕೊಳ್ಳಬಲ್ಲದು ಎಂಬುದನ್ನು ಆ ಅಂತರ ಹೇಳುತ್ತದೆ.

ಹಾಗೆಂದು ಹೆಚ್ಚು ಹೆದರಿಸುವುದೂ ತಪ್ಪು. ಆರೋಗ್ಯವಂತ ತರುಣ ಆಟಗಾರರಲ್ಲಿ ಬಹುಪಾಲು ಮಂದಿ ಕೋವಿಡ್‌ನಿಂದ ಬೇಗ ಚೇತರಿಸಿಕೊಂಡರು. ಕ್ರಿಕೆಟಿಗ ದೇವದತ್ತ ಪಡಿಕ್ಕಲ್‌ಗೆ 2021ರ ಮಾರ್ಚ್ ಕೊನೆಗೆ ಸೋಂಕು ಬಂದಿತ್ತು. ಏಪ್ರಿಲ್ 22ರಂದು ಮುಂಬೈನಲ್ಲಿ ಆರ್‌ಸಿಬಿಗಾಗಿ ಔಟಾಗದೆ 101 ರನ್ ಹೊಡೆದರು. ಹೀಗಿರುವಾಗ ಇವರಿಗೆ ಲಸಿಕೆ ಯಾಕೆ ಎಂದು ಕೇಳಿದವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಅದರಲ್ಲೂ 2021ರ ಮೊದಲ ತಿಂಗಳುಗಳಲ್ಲಿ ಡೋಸುಗಳೇ ಸಾಲದಿದ್ದಾಗ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯ ಮುಂದೆ ಎಪ್ಪತ್ತು ದಾಟಿದವರು ಬಿಸಿಲಲ್ಲಿ ಟೋಕನ್ ಹಿಡಿದು ನಿಂತಿದ್ದಾಗ, ಇಪ್ಪತ್ತರ ಓಟಗಾರನನ್ನು ಸರದಿಯ ಮುಂದಕ್ಕೆ ತಳ್ಳಿ ಎಂದು ನಾನು ಹೇಳುತ್ತಿರಲಿಲ್ಲ. ಸಾಯುವ ಅಪಾಯ ಹೆಚ್ಚಿದ್ದದ್ದು ಅಜ್ಜನಿಗೆ, ಮೊದಲು ಅವರಿಗೆ. ಮೇ 1ರಿಂದ 18 ದಾಟಿದವರೆಲ್ಲರಿಗೂ ಎಂದು ಘೋಷಣೆಯಾದ ಮೇಲೂ ನಮ್ಮ ರಾಜ್ಯದಲ್ಲಿ ಲಸಿಕೆ ಸಾಲದೆ 18ರಿಂದ 44ರವರ ಅಭಿಯಾನ ಮೇ ನಡುವೆ ನಿಂತುಹೋಯಿತು.

ಒಂದು ವಿನಾಯಿತಿ ಮಾತ್ರ ನ್ಯಾಯವಾದದ್ದು ಎಂದು ಆಗಲೂ ಅನ್ನಿಸಿತ್ತು. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಿನ ಅಂತರವನ್ನು ಮೇ 13ರಂದು 12ರಿಂದ 16 ವಾರಕ್ಕೆ ಹೆಚ್ಚಿಸಿದ್ದರು. ಜೂನ್ 7ರಂದು ಕೇಂದ್ರ ಆರೋಗ್ಯ ಸಚಿವಾಲಯ, ಓದಲು, ಕೆಲಸಕ್ಕೆ ಹೊರದೇಶಕ್ಕೆ ಹೋಗುವವರು ಮತ್ತು ಟೋಕಿಯೊ ಒಲಿಂಪಿಕ್ಸಿಗೆ ಹೊರಟ ಆಟಗಾರರು, ಅವರ ಜೊತೆಗಿನ ಸಿಬ್ಬಂದಿ 28 ದಿನಗಳ ನಂತರ ಎರಡನೇ ಡೋಸ್ ಪಡೆಯಬಹುದು ಎಂದಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡವರಿಗೆ ಇನ್ನೊಂದು ತಲೆಬಿಸಿ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪಟ್ಟಿಗೆ ಸೇರಿಸಿದ್ದು 2021ರ ನವೆಂಬರ್ 3ರಂದು. ಅಲ್ಲಿಯವರೆಗೆ ಹಲವು ದೇಶಗಳ ಗಡಿಯಲ್ಲಿ ಅದಕ್ಕೆ ಬೆಲೆ ಇರಲಿಲ್ಲ. ಇಂಗ್ಲೆಂಡಿಗೆ ಹೊರಟ ಕ್ರಿಕೆಟಿಗರಿಗೆ ಬಿಸಿಸಿಐ ಕೋವಿಶೀಲ್ಡನ್ನೇ ಹಾಕಿಸಿಕೊಳ್ಳಿ ಎಂದು ಸಲಹೆ ಕೊಟ್ಟದ್ದು, ಎರಡನೇ ಡೋಸ್ ಅಲ್ಲೇ ಸಿಗಲಿ ಎಂಬ ಲೆಕ್ಕದಲ್ಲಿ.

ಆದರೆ ಆ ವರ್ಷ ಆಟಗಾರರಿಗೆ ಲಸಿಕೆ ಬೇಕು ಎಂದು ನನಗೆ ಖಚಿತವಾಗಿ ಅನ್ನಿಸಿದ್ದು ಪಾಸ್‌ಪೋರ್ಟಿನ ಕಾರಣಕ್ಕಲ್ಲ. ಆಟಗಾರ ಒಂಟಿಯಲ್ಲ. ದಿನಾ ನೂರು ಜನರಿರುವ ಕೊಳದಿಂದ, ಹಾಸ್ಟೆಲಿನಿಂದ, ರೈಲಿನಿಂದ ಬಂದು ಅಜ್ಜಿ ಮಲಗುವ ಕೋಣೆಯ ಪಕ್ಕದಲ್ಲೇ ಮಲಗುತ್ತಾನೆ. ಗಾಂಧಿ ಬಜಾರಿನ ಸುತ್ತಮುತ್ತ ಇನ್ನೂ ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಗಳಿವೆ. ಆ ಏಪ್ರಿಲ್, ಮೇ ತಿಂಗಳಲ್ಲಿ ಕಡೂರಿನ ಹುಡುಗಿ, ಭಾರತ ಕ್ರಿಕೆಟ್ ತಂಡದ ಆಟಗಾರ್ತಿ ವೇದಾ ಕೃಷ್ಣಮೂರ್ತಿ ಎರಡು ವಾರದೊಳಗೆ ತಾಯಿಯನ್ನೂ ಅಕ್ಕನನ್ನೂ ಕೋವಿಡ್‌ಗೆ ಕಳೆದುಕೊಂಡರು. ಸೋಂಕು ಆ ಮನೆಗೆ ಹೇಗೆ ಬಂತೆಂಬುದು ಇಲ್ಲಿ ಮಾತಲ್ಲ. ತನಗೆ ಏನೂ ಆಗದಿದ್ದರೂ ಆಟಗಾರರ ಬದುಕಿನಿಂದ ಈ ರೋಗ ಏನನ್ನು ತೆಗೆದುಕೊಂಡು ಹೋಗಬಲ್ಲದು ಎಂಬುದನ್ನು ಆ ವಾರಗಳಲ್ಲಿ ಕರ್ನಾಟಕದ ಎಲ್ಲ ಆಟಗಾರರ ಮನೆಗಳೂ ನೋಡಿದವು.

ಲಸಿಕೆ ಸೋಂಕನ್ನು ಪೂರ್ತಿ ತಡೆಯಲಿಲ್ಲ, ಅದನ್ನೂ ಹೇಳಲೇಬೇಕು. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ವರದಿಯಾದದ್ದು ಬೆಂಗಳೂರಿನಿಂದಲೇ. ಅದಾದ ಮೇಲೆ ಎರಡು ಡೋಸ್ ಪಡೆದ ನನ್ನ ಎಷ್ಟೋ ರೋಗಿಗಳು ಪಾಸಿಟಿವ್ ಆದರು. ಆಸ್ಪತ್ರೆ ಸೇರುವ ಸ್ಥಿತಿಗೆ ಹೋದವರು ಮಾತ್ರ ತೀರಾ ಕಡಿಮೆ. 15 ದಾಟಿದವರಿಗೆ 2022ರ ಜನವರಿ 3ರಿಂದ ಕೋವ್ಯಾಕ್ಸಿನ್, 12 ದಾಟಿದವರಿಗೆ ಮಾರ್ಚ್ 16ರಿಂದ ಕೋರ್ಬಿವ್ಯಾಕ್ಸ್ ಶುರುವಾದಾಗ ನಮ್ಮ ಬೀದಿಯ ಈಜುಗಾರ ಮಕ್ಕಳೆಲ್ಲ ಸ್ಕೂಲಿನ ಸಾಲಿನಲ್ಲಿ ನಿಂತು ತೋಳು ಚಾಚಿದರು.

ಈಗ ಹೃದಯದ ಮಾತಿಗೆ ಬರುತ್ತೇನೆ, ಯಾಕೆಂದರೆ ಭಯವೆಲ್ಲ ಅಲ್ಲಿದೆ.

ಲಸಿಕೆಯಿಂದ ಹೃದಯದ ಸ್ನಾಯುವಿಗೆ ಉರಿಯೂತ, ಅಂದರೆ ಮಯೋಕಾರ್ಡೈಟಿಸ್, ಬರಬಹುದೇ? ಬರಬಹುದು. ಆದರೆ ಯಾವ ಲಸಿಕೆಯಿಂದ ಎಂಬುದನ್ನು ನೋಡಬೇಕು. ಅಮೆರಿಕದಲ್ಲಿ ಬಳಸಿದ ಫೈಜರ್, ಮಾಡರ್ನಾ ಎಂಬ ಎಂಆರ್‌ಎನ್‌ಎ ಲಸಿಕೆಗಳ ಎರಡನೇ ಡೋಸ್ ನಂತರ, ಮುಖ್ಯವಾಗಿ ಹುಡುಗರಲ್ಲಿ, ಒಂದು ವಾರದೊಳಗೆ ಇದು ಕಾಣಿಸಿತು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಬೇಸಿಗೆಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ 12ರಿಂದ 29 ವಯಸ್ಸಿನ ಗಂಡುಮಕ್ಕಳಲ್ಲಿ ಹತ್ತು ಲಕ್ಷ ಎರಡನೇ ಡೋಸಿಗೆ ಸುಮಾರು 41 ಪ್ರಕರಣ. ಹೆಣ್ಣುಮಕ್ಕಳಲ್ಲಿ ಸುಮಾರು 4. ಬಹುತೇಕರು ಗುಣವಾದರು. ಸ್ವೀಡನ್ ಆ ಅಕ್ಟೋಬರಿನಲ್ಲಿ 30ಕ್ಕಿಂತ ಚಿಕ್ಕವರಿಗೆ ಮಾಡರ್ನಾ ಕೊಡುವುದನ್ನು ನಿಲ್ಲಿಸಿತು. ನಮ್ಮ ಮಕ್ಕಳಿಗೆ ಹಾಕಿದ್ದು ಈ ಬಗೆಯದ್ದಲ್ಲ. ಕೋವ್ಯಾಕ್ಸಿನ್ ಸತ್ತ ವೈರಸ್ಸಿನಿಂದ ಮಾಡಿದ್ದು, ಕೋರ್ಬಿವ್ಯಾಕ್ಸ್ ವೈರಸ್ಸಿನ ಒಂದು ಪ್ರೋಟೀನಿನ ತುಣುಕು. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಅಮೆರಿಕದ ವಿಡಿಯೋಗಳನ್ನು ನೋಡಿ ಚಾಮರಾಜಪೇಟೆಯ ಹುಡುಗನ ಹೃದಯದ ಬಗ್ಗೆ ತೀರ್ಮಾನ ಮಾಡಲು ಬರುವುದಿಲ್ಲ.

ಕೋವಿಶೀಲ್ಡ್‌ಗೆ ಬೇರೆಯದೇ ಅಪಾಯವಿತ್ತು. ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ಅಪರೂಪದ ಸ್ಥಿತಿ. ಬ್ರಿಟನ್ 2021ರ ಮೇ ತಿಂಗಳಿಂದ 40ರೊಳಗಿನವರಿಗೆ ಬೇರೆ ಲಸಿಕೆಯನ್ನು ಮುಂದೆ ಮಾಡಿತು. ನಮ್ಮಲ್ಲಿ ಆ ತಿಂಗಳು ಸರ್ಕಾರದ ಸಮಿತಿ ಪರಿಶೀಲಿಸಿದ 498 ಗಂಭೀರ ಪ್ರಕರಣಗಳಲ್ಲಿ 26 ಹೆಪ್ಪುಗಟ್ಟುವಿಕೆಗೆ ಸಂಬಂಧಿಸಿರಬಹುದು ಎಂದಿತ್ತು. ಹತ್ತು ಲಕ್ಷ ಡೋಸಿಗೆ 0.61. ಚಿಕ್ಕ ಸಂಖ್ಯೆ. ಆದರೂ ಅದನ್ನು ಆಗಲೇ ಬೀದಿಬೀದಿಯಲ್ಲಿ ಸರಳ ಕನ್ನಡದಲ್ಲಿ ಹೇಳಬೇಕಿತ್ತು. ಹೇಳದೆ ಉಳಿದದ್ದು ಮೂರು ವರ್ಷದ ನಂತರ, ಲಸಿಕೆ ಕಂಪನಿ ಲಂಡನ್ ಕೋರ್ಟಿಗೆ ಕೊಟ್ಟ ಕಾಗದಪತ್ರದ ಮೂಲಕ ಟಿ.ವಿ. ಚರ್ಚೆಯಾಗಿ ಬಂದಾಗ, ಮುಚ್ಚಿಟ್ಟಿದ್ದರು ಎಂದೇ ಜನ ತಿಳಿದರು.

ಬಸವನಗುಡಿಯವರಿಗೆ ಸಾಂಕ್ರಾಮಿಕವೂ ಲಸಿಕೆಯ ಭಯವೂ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆಯೇ ಪೇಟೆಯ ಇಕ್ಕಟ್ಟಿನಿಂದ ಜನ ಈ ಅಗಲ ಬೀದಿಗಳಿಗೂ ಮಲ್ಲೇಶ್ವರಕ್ಕೂ ಬಂದು ನೆಲೆಸಿದ್ದು. ಪ್ಲೇಗ್ ಲಸಿಕೆಯನ್ನು ಮುಂಬೈಯಲ್ಲಿ ತಯಾರಿಸಿದ ಹಾಫ್‌ಕಿನ್ 1897ರ ಜನವರಿಯಲ್ಲಿ ಅದನ್ನು ಮೊದಲು ತನಗೇ ಚುಚ್ಚಿಕೊಂಡಿದ್ದ. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಆ ಲಸಿಕೆಯ ಒಂದೇ ಬಾಟಲಿಗೆ ಧನುರ್ವಾಯುವಿನ ಸೋಂಕು ಸೇರಿ 19 ಮಂದಿ ಸತ್ತರು. ತಪ್ಪು ಅವನದಲ್ಲ ಎಂದು ಇತ್ಯರ್ಥವಾಗುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ಒಂದು ಬಾಟಲಿಯ ಕಥೆ ಲಕ್ಷ ಬಾಟಲಿಗಳ ಕೆಲಸವನ್ನು ಮರೆಸಿಬಿಡುತ್ತದೆ, ಬೇಗನೆ ಸತ್ಯ ಹೇಳದಿದ್ದರೆ.

ಆಟದ ಅಂಗಳದಲ್ಲಿ ಕುಸಿದು ಬಿದ್ದವರ ಚಿತ್ರಗಳು ಈ ಭಯದ ಬೆಂಕಿಗೆ ತುಪ್ಪ ಸುರಿದವು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದಾಗ ಲಸಿಕೆಯೇ ಕಾರಣ ಎಂದು ಹಬ್ಬಿತು. ಅವರು ಲಸಿಕೆ ಹಾಕಿಸಿಕೊಂಡೇ ಇರಲಿಲ್ಲ ಎಂದು ಅವರ ಕ್ಲಬ್ ಇಂಟರ್ ಮಿಲಾನಿನ ನಿರ್ದೇಶಕರು ಸ್ಪಷ್ಟಪಡಿಸಿದರು. ನಮಗೆ ಅದಕ್ಕಿಂತ ಹತ್ತಿರದ ನೋವು ಅದೇ ವರ್ಷ ಅಕ್ಟೋಬರ್ 29ರದ್ದು. ಹಠಾತ್ತನೆ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್‌ಗೆ 46 ವರ್ಷ. ಮರುದಿನದಿಂದಲೇ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತರುಣರ ಸಾಲು ಬೆಳೆಯಿತು. ಜಿಮ್ಮಿಗೆ ಹೋಗುವ ಮಗನನ್ನು ಕೈಹಿಡಿದು ನನ್ನ ಹತ್ತಿರ ಕರೆತಂದ ಅಪ್ಪಂದಿರು ಎಷ್ಟೋ.

ಇಂಥ ಹಠಾತ್ ಸಾವುಗಳನ್ನು ನಮ್ಮವರೇ ಅಧ್ಯಯನ ಮಾಡಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 47 ಆಸ್ಪತ್ರೆಗಳ ಮೂಲಕ, 2021ರ ಅಕ್ಟೋಬರಿನಿಂದ 2023ರ ಮಾರ್ಚ್‌ವರೆಗೆ ಹಠಾತ್ತನೆ ತೀರಿಕೊಂಡ 18ರಿಂದ 45 ವಯಸ್ಸಿನ 729 ಮಂದಿಯನ್ನು, ಬದುಕಿರುವ 2,916 ಮಂದಿಯೊಂದಿಗೆ ಹೋಲಿಸಿತು. ಲಸಿಕೆ ಸಾವಿನ ಅಪಾಯವನ್ನು ಹೆಚ್ಚಿಸಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದ ಇತಿಹಾಸ, ಕುಟುಂಬದಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದದ್ದು, ಮಾದಕವಸ್ತು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದದ್ದು. ಮತ್ತು ಆ 48 ಗಂಟೆಯಲ್ಲಿ ಮಾಡಿದ ವಿಪರೀತ ಶ್ರಮದ ವ್ಯಾಯಾಮ. ಆಟಗಾರರ ಮನೆಯವರು ಈ ಕೊನೆಯ ಸಾಲನ್ನು ಎರಡು ಸಲ ಓದಬೇಕು. ಹಾಸನದ ನಂತರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ 251 ರೋಗಿಗಳನ್ನು ಪರಿಶೀಲಿಸಿ ಬರೆದದ್ದೂ ಇದೇ ಜಾಡಿನಲ್ಲಿದೆ. ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಕೋವಿಡ್ ಲಸಿಕೆಗೂ ನಂಟು ಕಾಣಲಿಲ್ಲ. ಕಂಡದ್ದು ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆ.

ಹಾಗಾದರೆ ಕೋವಿಡ್ ಆಟಗಾರರ ಹೃದಯಕ್ಕೆ ಏನು ಮಾಡಿತು? ಅಮೆರಿಕದ 13 ವಿಶ್ವವಿದ್ಯಾಲಯಗಳಲ್ಲಿ ಕೋವಿಡ್ ಬಂದುಹೋದ 1,597 ಆಟಗಾರರ ಹೃದಯವನ್ನು ಎಂಆರ್‌ಐ ಮಾಡಿ ನೋಡಿದರು. 37 ಮಂದಿಯಲ್ಲಿ ಉರಿಯೂತದ ಗುರುತು ಸಿಕ್ಕಿತು. ಅವರಲ್ಲಿ ಎದೆನೋವಿನಂಥ ಲಕ್ಷಣ ಇದ್ದವರು 9 ಮಂದಿ ಮಾತ್ರ. ಉಳಿದವರಿಗೆ ಏನೂ ಗೊತ್ತೇ ಆಗಿರಲಿಲ್ಲ. ಸೋಂಕು ತಗುಲಿದ 3,018 ಆಟಗಾರರ ಇನ್ನೊಂದು ದೊಡ್ಡ ಪಟ್ಟಿಯಲ್ಲಿ ಹೃದಯಕ್ಕೆ ತಾಗಿದೆ ಅನ್ನಿಸಿದವರು 21. ಎಲ್ಲರಿಗೂ ಎಂಆರ್‌ಐ ಮಾಡಿದರೆ ಹೆಚ್ಚು ಸಿಗುತ್ತದೆ, ಲಕ್ಷಣ ಇದ್ದವರಿಗಷ್ಟೇ ಮಾಡಿದರೆ ಕಡಿಮೆ. ನಿಜ ಎಲ್ಲೋ ನಡುವೆ ಇದೆ. ನೂರರಲ್ಲಿ ಒಬ್ಬರೋ ಇಬ್ಬರೋ ಎಂದಿಟ್ಟುಕೊಂಡರೂ ಹತ್ತು ಲಕ್ಷಕ್ಕೆ 41ರ ಪಕ್ಕದಲ್ಲಿ ಅದು ಬಹಳ ದೊಡ್ಡದು.

ಉರಿಯೂತ ಬಂದ ಹೃದಯವನ್ನು ದುಡಿಸಿದರೆ ಏನಾಗುತ್ತದೆ ಎಂಬುದು ಕೋವಿಡ್‌ಗಿಂತ ಎಷ್ಟೋ ಮೊದಲೇ ಗೊತ್ತಿತ್ತು. 1970ರಲ್ಲಿ ಅಮೆರಿಕದ ಸಂಶೋಧಕರು ಕಾಕ್ಸಾಕಿ ಎಂಬ ವೈರಸ್ ತಗುಲಿದ ಇಲಿಗಳನ್ನು ಬೆಚ್ಚಗಿನ ನೀರಿನಲ್ಲಿ ಬಲವಂತವಾಗಿ ಈಜಿಸಿದರು. ವಿಶ್ರಾಂತಿಯಲ್ಲಿದ್ದ ಇಲಿಗಳಿಗಿಂತ ಈಜಿದ ಇಲಿಗಳ ಹೃದಯದಲ್ಲಿ ವೈರಸ್ ನೂರಾರು ಪಟ್ಟು ಬೆಳೆದಿತ್ತು, ಸತ್ತವೂ ಹೆಚ್ಚು. ಸ್ವೀಡನ್ನಿನಲ್ಲಿ ನಕ್ಷೆ ಹಿಡಿದು ಕಾಡಿನಲ್ಲಿ ಓಡುವ ಓರಿಯೆಂಟೀರಿಂಗ್ ಎಂಬ ಆಟವಿದೆ. 1979ರಿಂದ 1992ರೊಳಗೆ ಅಲ್ಲಿನ 16 ತರುಣ ಓಟಗಾರರು ಹಠಾತ್ತನೆ ಸತ್ತರು. ಹಲವರ ಹೃದಯದಲ್ಲಿ ಉರಿಯೂತದ ಗುರುತಿತ್ತು. ಸೋಂಕು ಇದ್ದಾಗ ತರಬೇತಿ ಬೇಡವೇ ಬೇಡ ಎಂದು ಅಲ್ಲಿನ ವೈದ್ಯರು, ತರಬೇತುದಾರರು ಸೇರಿ ಕಟ್ಟುನಿಟ್ಟು ಮಾಡಿದರು. ಆಮೇಲೆ ವರ್ಷಗಳವರೆಗೆ ಅಂಥ ಸಾವು ನಡೆಯಲಿಲ್ಲ. ಔಷಧಿ ಕೊಟ್ಟಿರಲಿಲ್ಲ, ಯಂತ್ರ ತಂದಿರಲಿಲ್ಲ. ಓಡಬೇಡಿ ಎಂದದ್ದಷ್ಟೇ.

ನನ್ನ ರೋಗಿಯೊಬ್ಬನ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ. ಬಾಸ್ಕೆಟ್‌ಬಾಲ್ ಆಡುವ ಹತ್ತೊಂಬತ್ತರ ಹುಡುಗ. ಲಸಿಕೆ ಇನ್ನೂ ಅವನ ವಯಸ್ಸಿಗೆ ಬಂದಿರಲಿಲ್ಲ. ಎರಡು ದಿನ ಜ್ವರ, ಮೈಕೈ ನೋವು, ಪ್ಯಾರಾಸಿಟಮಾಲ್ ನುಂಗಿದ, ಟೆಸ್ಟ್ ಮಾಡಿಸಲಿಲ್ಲ. ಆಯ್ಕೆ ಪಂದ್ಯ ಹತ್ತಿರ ಇತ್ತು. ನಾಲ್ಕನೇ ದಿನ ನ್ಯಾಷನಲ್ ಕಾಲೇಜ್ ಮೈದಾನದಲ್ಲಿ ಸ್ಪ್ರಿಂಟ್ ಶುರುಮಾಡಿದ. ವಾರದೊಳಗೆ ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತದೆ ಎಂದು ಬಂದ. ಇಸಿಜಿ ಸರಿಯಿರಲಿಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೊಪೋನಿನ್ ಏರಿತ್ತು. ಹೃದ್ರೋಗ ತಜ್ಞರು ಎಂಆರ್‌ಐ ಮಾಡಿಸಿ ಮಯೋಕಾರ್ಡೈಟಿಸ್ ಎಂದರು. ಮೂರರಿಂದ ಆರು ತಿಂಗಳು ಆಟ ಬಂದ್. ಇದು ಪ್ರಪಂಚದೆಲ್ಲೆಡೆಯ ನಿಯಮ. ಅವನು ಅತ್ತದ್ದು ಆಯ್ಕೆ ತಪ್ಪಿದ್ದಕ್ಕೆ. ಅವನಮ್ಮ ಅತ್ತದ್ದು ಬೇರೆ ಕಾರಣಕ್ಕೆ. ಈಗ ಚೆನ್ನಾಗಿದ್ದಾನೆ, ಆಡುತ್ತಾನೆ.

ಇನ್ನೊಂದು ವಿಷಯವನ್ನು ಆಟಗಾರರ ಮನೆಯವರಿಗೆ ಯಾರೂ ಹೇಳುವುದಿಲ್ಲ. ಕಾಯಿಲೆ ಬಿದ್ದ ಆಟಗಾರನಿಗೆ ನಮ್ಮ ಬೀದಿಯ ಮಾಮೂಲಿ ಔಷಧಿಯೂ ಆಪತ್ತಾಗಬಹುದು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲೈನ್ ಇದೆ, ಅದು ಆಟಗಾರರಿಗೆ ನಿಷೇಧಿತ ಔಷಧಿಗಳ ಪಟ್ಟಿಯಲ್ಲಿದೆ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಎಂಟು ತಿಂಗಳು ಹೊರಗುಳಿದದ್ದು ಇದರಿಂದಲೇ. ಕೋವಿಡ್ ಗಂಭೀರವಾದಾಗ ಕೊಡುವ ಸ್ಟೆರಾಯ್ಡ್ ಗುಳಿಗೆ, ಇಂಜೆಕ್ಷನ್ ಪಂದ್ಯದ ಹೊತ್ತಿಗೆ ದೇಹದಲ್ಲಿದ್ದರೆ ಅದಕ್ಕೂ ಮುಂಚಿತ ಅನುಮತಿ ಬೇಕು. "ಸುಸ್ತಾಗಿದ್ದಾನೆ, ಒಂದು ಗ್ಲೂಕೋಸ್ ಬಾಟಲ್ ಹಾಕಿಬಿಡಿ ಮೇಡಂ" ಅನ್ನುತ್ತಾರೆ. ಆಸ್ಪತ್ರೆಯ ಚಿಕಿತ್ಸೆಯ ಭಾಗವಾಗಿ ಅಲ್ಲದೆ ಹನ್ನೆರಡು ಗಂಟೆಯಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ಡ್ರಿಪ್ ಹಾಕಿಸಿಕೊಳ್ಳುವುದು ಡೋಪಿಂಗ್ ನಿಯಮದ ಉಲ್ಲಂಘನೆ. ನಾನು ಹಾಕುವುದಿಲ್ಲ. ಲಸಿಕೆಗೆ ಇಂಥ ತೊಡಕು ಯಾವುದೂ ಇಲ್ಲ. ಕಾಯಿಲೆ ಬರದಂತೆ, ಬಂದರೂ ಹಗುರವಾಗುವಂತೆ ನೋಡಿಕೊಳ್ಳುವುದು ಆಟಗಾರನಿಗೆ ಉಳಿದವರಿಗಿಂತ ಹೆಚ್ಚು ಮುಖ್ಯವಾಗುವುದು ಇಲ್ಲೂ.

ಬಲವಂತ ಮಾಡಬಹುದೇ? ನನ್ನ ಉತ್ತರ ಇಲ್ಲ. ಟೆನಿಸ್ ಆಟಗಾರ ನೊವಾಕ್ ಜೊಕೊವಿಚ್ ಲಸಿಕೆ ಬೇಡವೆಂದರು, 2022ರ ಜನವರಿಯಲ್ಲಿ ಆಸ್ಟ್ರೇಲಿಯಾ ಅವರನ್ನು ವಾಪಸು ಕಳಿಸಿತು. ನಿರ್ಧಾರ ಅವರದು, ಅದರ ಬೆಲೆಯನ್ನೂ ಅವರೇ ತೆತ್ತರು. ಆ ನಿರ್ಧಾರ ನನಗೆ ಒಪ್ಪಿಗೆಯಿಲ್ಲ, ಆದರೆ 34 ವರ್ಷದ ವ್ಯಕ್ತಿಗೆ ಆ ಹಕ್ಕಿದೆ. ನಮ್ಮ ಸುಪ್ರೀಂ ಕೋರ್ಟ್ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಅಡ್ಡಪರಿಣಾಮಗಳ ಮಾಹಿತಿ ಜನರಿಗೆ ಸಿಗಬೇಕು ಎಂದಿತು. ಹದಿನೈದರ ಹುಡುಗಿಯ ವಿಷಯದಲ್ಲಿ ಕಷ್ಟ ಹೆಚ್ಚು. ಅವಳ ಪರವಾಗಿ ಅಪ್ಪ ಅಮ್ಮ ತೀರ್ಮಾನಿಸುತ್ತಾರೆ, ಅವರ ಹಿಂದೆ ಕೋಚ್ ಇರುತ್ತಾರೆ. ಕೋಚ್ ಮಾತು ನಮ್ಮಲ್ಲಿ ಗುರುವಾಕ್ಯ. ಅವರು "ಹಾಕಿಸದಿದ್ದರೆ ಟೀಮಿಲ್ಲ" ಎಂದರೂ ತಪ್ಪು, "ಅದೆಲ್ಲ ಬೇಡ, ಟೈಮಿಂಗ್ ಹಾಳಾಗುತ್ತೆ" ಎಂದರೂ ತಪ್ಪು. 2022ರಲ್ಲಿ ಇಂಥ ಸಂದರ್ಭ ಬಂದಾಗ ನಾನು ಹುಡುಗಿಯನ್ನೇ ಕೂರಿಸಿಕೊಂಡು ಕೇಳಿದೆ, ನಿನಗೆ ಏನು ಭಯ ಎಂದು. "ಕೈ ನೋವು ಬಂದ್ರೆ ಮೀಟ್ ಮಿಸ್ ಆಗುತ್ತೆ ಆಂಟಿ" ಅಂದಳು. ಹೃದಯದ ಮಾತೇ ಅವಳ ಬಾಯಲ್ಲಿ ಬರಲಿಲ್ಲ. ಅದಕ್ಕೆ ಉತ್ತರ ಸುಲಭವಿತ್ತು. ಮೀಟ್ ಮುಗಿದ ಮೇಲೆ, ಶನಿವಾರ ಮಧ್ಯಾಹ್ನ ಹಾಕಿಸು. ಭಾನುವಾರ ಹೇಗೂ ರಜೆ. ಎರಡು ಮೂರು ದಿನ ಹಗುರ ಅಭ್ಯಾಸ. ಬ್ಯಾಡ್ಮಿಂಟನ್, ಬೌಲಿಂಗ್ ಮಾಡುವವರಾದರೆ ಆಡದ ಕೈಗೆ. ಈಜುವವರಿಗೆ ಎರಡೂ ಕೈ ಬೇಕಲ್ಲ, ಅದಕ್ಕೇ ರಜೆಯ ಹಿಂದಿನ ದಿನ.

ಇವತ್ತಿನ ಪ್ರಶ್ನೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಚ್‌ನಲ್ಲೇ, ಆರೋಗ್ಯವಂತ ಮಕ್ಕಳು ಮತ್ತು ಹದಿಹರೆಯದವರು ಈ ಲಸಿಕೆಯ ಮಟ್ಟಿಗೆ ಕಡಿಮೆ ಆದ್ಯತೆಯವರು ಎಂದಿತು. ಆರೋಗ್ಯವಂತ ತರುಣರಿಗೆ ಮತ್ತೆ ಮತ್ತೆ ಬೂಸ್ಟರ್ ಬೇಕೆಂದು ಅದು ಹೇಳುತ್ತಿಲ್ಲ. ಆ ಮೇ 5ರಂದು ಜಾಗತಿಕ ತುರ್ತುಸ್ಥಿತಿಯೂ ಮುಗಿಯಿತು. ಹಾಗಾಗಿ ಹೊಸ ಡೋಸ್ ಬೇಕೇ ಎಂದು ಕೇಳುವ ಆರೋಗ್ಯವಂತ ಹದಿನೆಂಟರ ಈಜುಗಾರನಿಗೆ ನಾನು ಬೇಕಿಲ್ಲ ಎನ್ನುತ್ತೇನೆ. ಆಸ್ತಮಾ, ಸಕ್ಕರೆ ಕಾಯಿಲೆ, ಹುಟ್ಟಿನಿಂದ ಹೃದಯದ ತೊಂದರೆ ಇದ್ದವರ ಮಾತು ಬೇರೆ, ಅವರು ತಮ್ಮ ತಜ್ಞರನ್ನು ಕೇಳಬೇಕು. ಮನೆಯ ಹಿರಿಯರ ಮಾತೂ ಬೇರೆ.

ಆದರೆ ಜ್ವರದ ಮಾತು ಹಾಗೆಯೇ ಉಳಿದಿದೆ. ಅದು ಕೋವಿಡ್ ಇರಲಿ, ಫ್ಲೂ ಇರಲಿ, ಡೆಂಗಿ ಇರಲಿ. ಮೂಗು ಸೋರುವಷ್ಟೇ ಇದ್ದರೆ ಹಗುರವಾಗಿ ಈಜಿ. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಪೂರ್ತಿ ವಿಶ್ರಾಂತಿ. ಗುಳಿಗೆ ಇಲ್ಲದೆ ಜ್ವರ ಬಿಟ್ಟು, ಮೆಟ್ಟಿಲು ಹತ್ತಿದಾಗ ಉಸಿರು ಸಹಜವಾದ ಮೇಲೆ ಮೊದಲ ದಿನ ಕಾಲುಭಾಗ, ಆಮೇಲೆ ಅರ್ಧ, ಹೀಗೆ ಒಂದು ವಾರದಲ್ಲಿ ಪೂರ್ತಿ ಅಭ್ಯಾಸಕ್ಕೆ. ಎದೆನೋವು, ಡವಡವ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಒಂದು ಕಂಡರೂ ಇಸಿಜಿ, ಎಕೋ, ಟ್ರೊಪೋನಿನ್ ಆಗದೆ ಮೈದಾನಕ್ಕೆ ಕಾಲಿಡಬಾರದು.

ಕ್ಲಬ್‌ಗಳಿಂದ ನಾನು ಕೇಳುವುದು ಎರಡು. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಪ್ರತಿ ಆಟಗಾರನಿಗೂ ವೈದ್ಯರ ತಪಾಸಣೆ, ಇಸಿಜಿ ಕಡ್ಡಾಯ. ವೆನೆಟೊ ಪ್ರಾಂತ್ಯದಲ್ಲಿ ನಂತರದ ಎರಡು ದಶಕಗಳಲ್ಲಿ ಆಟಗಾರರ ಹಠಾತ್ ಸಾವು ಶೇ 89ರಷ್ಟು ಇಳಿಯಿತು. ಕೊಳದ ವರ್ಷದ ಶುಲ್ಕಕ್ಕೆ, ಕೋಚಿಂಗಿಗೆ, ಆಮದು ಕನ್ನಡಕ ಮತ್ತು ಸೂಟಿಗೆ ಸಾವಿರಾರು ರೂಪಾಯಿ ಕೊಡುವ ಮನೆಗಳಿಗೆ ಒಂದು ಇಸಿಜಿ ಹೊರೆಯಲ್ಲ. ಹೊರೆಯಾಗುವ ಮನೆಯ ಮಕ್ಕಳಿಗೆ ಕ್ಲಬ್ಬೇ ಮಾಡಿಸಲಿ. ನನ್ನ ಹತ್ತಿರ ಬರುವ ಆಟಗಾರ ಮಕ್ಕಳಲ್ಲಿ ಒಮ್ಮೆಯಾದರೂ ಇಸಿಜಿ ಆದವರು ಕಡಿಮೆ. ಎರಡನೆಯದು, ಬೆಳಗಿನ ಹಾಜರಿ ತೆಗೆದುಕೊಳ್ಳುವಾಗಲೇ ನಿನ್ನೆ ಜ್ವರ ಇತ್ತೇ ಎಂದು ಕೋಚ್ ಕೇಳಲಿ, ಇತ್ತು ಎಂದ ಮಗುವನ್ನು ಬೈಯದೆ ಮನೆಗೆ ಕಳಿಸಲಿ, ಅವನ ಆಯ್ಕೆಯ ಅವಕಾಶ ಅದರಿಂದ ತಪ್ಪುವುದಿಲ್ಲ ಎಂದು ತಂದೆತಾಯಿಗೆ ಬರೆದುಕೊಡಲಿ.